ಬೀರಯ್ಯ ತರಬೇಕಾಗಿದ್ದ ಕಿವಿಗಳು

ಉಯ್ಯಂಬಳ್ಳಿ ದಾಟಿ ಕಾಡಿನ ಕಡೆಗೆ ಇಳಿದರೆ ಹೊಂಗೇದೊಡ್ಡಿ ಸಿಗುತ್ತದೆ. ಒಂದಿಪ್ಪತ್ತು ಮೂವತ್ತು ಮನೆ, ಮನೆ ಮನೆಗೂ ಒಂದು ಕುರಿರೊಪ್ಪ, ನಡುವೆ ಬೀರೇದೇವರ ಗುಡಿ. ಆ ದೇವರ ಹೆಸರು ಹೊತ್ತಿದ್ದ ಬೀರಯ್ಯ ಎತ್ತರದ ಆಳು. ಮುಂದಿನ ಎರಡು ಹಲ್ಲು ಇರಲಿಲ್ಲ. ಟಗರೊಂದು ಗುದ್ದಿದಾಗ ಹೋಗಿದ್ದವು. ಕೇಳಿದವರಿಗೆಲ್ಲ, "ಟಗರು ಮುತ್ತು ಕೊಡ್ತು ಕಣ್ಲಾ, ಬ್ಯಾಡ ಅನ್ನಕಾಯ್ತದಾ?" ಎನ್ನುತ್ತಿದ್ದ. ಅವನು ನಕ್ಕರೆ ಮೊದಲು ಗಾಳಿ ಬರುತ್ತಿತ್ತು, ನಗು ಆಮೇಲೆ.

ಅವನಿಗೂ ಹೆಂಡತಿ ಕೃಷ್ಣಮ್ಮನಿಗೂ ಮಕ್ಕಳಿರಲಿಲ್ಲ. ಒಂದು ತುಂಡು ರಾಗಿ ಹೊಲ, ಹತ್ತಾರು ಸ್ವಂತ ಕುರಿ. ಮಿಕ್ಕಂತೆ ಅವನು ಮೇಯಿಸುತ್ತಿದ್ದದ್ದು ಊರವರ ಕುರಿಗಳನ್ನು, ಹುಟ್ಟಿದ ಮರಿಯಲ್ಲಿ ಪಾಲಿಗೆ. ಕುರಿಗಳಿಗೆ ಊರ ಹೆಂಗಸರ ಹೆಸರಿಟ್ಟು ಬೈಸಿಕೊಳ್ಳುವುದು ಅವನ ಚಾಳಿ. "ಲೇ ಪ್ರತಿಮಾ, ಹುರುಳಿ ಹೊಲಕ್ಕೆ ಬಾಯಿ ಹಾಕುದ್ರೆ ಕಾಲು ಮುರೀತೀನಿ!" ಎಂದು ಅವನು ಕೂಗಿದರೆ, ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ ಪ್ರತಿಮಾ ಸೊಂಟ ನೆಟ್ಟಗೆ ಮಾಡಿ, "ನಿನ್ ಬಾಯಿಗೆ ಮಣ್ಣಾಕ!" ಎನ್ನುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಅಂಥ ಮನುಷ್ಯ.

ಊರವರು ಅವನ ಕೈಗೆ ಕುರಿ ಒಪ್ಪಿಸುತ್ತಿದ್ದದ್ದು ಒಂದು ನಂಬಿಕೆಯ ಮೇಲೆ. ಪ್ರತಿ ಮನೆಯ ಕುರಿಗೂ ಅದರದೇ ಕಿವಿಗುರುತು. ಒಂದು ಮನೆಯದಕ್ಕೆ ಬಲಗಿವಿಯಲ್ಲಿ ತೂತು, ಇನ್ನೊಂದು ಮನೆಯದಕ್ಕೆ ಅಂಚಿನಲ್ಲಿ ಕಚ್ಚು. ಊರ ಯಜಮಾನ ದೊಡ್ಡಹನುಮಯ್ಯನ ಕುರಿಗಳಿಗೆ ಎಡಗಿವಿಯ ತುದಿ ಸೀಳಿರುತ್ತಿತ್ತು. ಮೇಯಲು ಹೋದ ಕುರಿ ಚಿರತೆಗೆ ಸಿಕ್ಕಲಿ, ಹಾವು ಕಚ್ಚಲಿ, ಬಂಡೆಯಿಂದ ಉರುಳಲಿ, ಕಾಯುವವನು ಆ ಗುರುತಿನ ಕಿವಿಯನ್ನು ಕೊಯ್ದು ತಂದು ಒಡೆಯನ ಹೊಸ್ತಿಲ ಮುಂದೆ ಇಡಬೇಕು. ಇಟ್ಟ ಮೇಲೆಯೇ ಅವನ ಮನೆ ಒಲೆ ಹೊತ್ತಬೇಕು. ಕಿವಿ ಬಂತು ಅಂದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಕಿವಿ ಬರಲಿಲ್ಲ ಅಂದರೆ ಅವನು ಕುರಿ ಮಾರಿಕೊಂಡ, ಇಲ್ಲ ಕೊಯ್ದು ತಿಂದ. ಮೂರನೆಯ ಮಾತಿಲ್ಲ. ಬೀರಯ್ಯನ ಅಪ್ಪ ಚಿರತೆ ಬಾಯಿಂದ ಬಿದ್ದ ಒಂದು ಕಿವಿಗಾಗಿ ಹಗಲಿಡೀ ಪೊದೆ ಪೊದೆ ಹುಡುಕಿ, ಮೈಯೆಲ್ಲ ಮುಳ್ಳು ಮಾಡಿಕೊಂಡು ಬಂದಿದ್ದನಂತೆ. ಬೀರಯ್ಯನೂ ಹಾಗೆಯೇ. ಅವನ ಕಾಲದಲ್ಲಿ ತಪ್ಪಿದ ಕಿವಿ ಅಂತ ಒಂದೂ ಇರಲಿಲ್ಲ.

ಬಿಡದಿ ಕಡೆ ಕಾರ್ಖಾನೆಗಳು ಸಾಲಾಗಿ ಎದ್ದ ಕಾಲ ಅದು. ಸಾತನೂರಿನಲ್ಲಿ ಬೆಳಿಗ್ಗೆ ಬಸ್ಸು ಹತ್ತಿದ ಹುಡುಗರು ನೀಲಿ ಅಂಗಿ ಹಾಕಿಕೊಂಡು ರಾತ್ರಿ ಇಳಿಯುತ್ತಿದ್ದರು. ಜಮೀನು ಎಲ್ಲಿ ಸಿಗುತ್ತದೆ ಎಂದು ಸರ್ಕಾರದ ಜೀಪುಗಳು ಊರೂರು ಸುತ್ತುತ್ತಿದ್ದವು. ಹೊಂಗೇದೊಡ್ಡಿಯ ಗೋಮಾಳಕ್ಕೂ ಒಂದು ದಿನ ಕಲ್ಲು ನೆಟ್ಟರು. ಆಮೇಲೆ ಮುಳ್ಳುತಂತಿ ಎಳೆದರು, ಮೂರು ಭಾಷೆಯಲ್ಲಿ ಬೋರ್ಡು ಹಾಕಿದರು. ಯಾವ ಇಲಾಖೆ, ಒಳಗೆ ಏನು ಮಾಡುತ್ತಾರೆ, ಯಾರೂ ಹೇಳಲಿಲ್ಲ. ಊರವರು ಅದನ್ನು 'ಬೇಲಿ' ಅಂತಲೇ ಕರೆದರು. ದೊಡ್ಡಹನುಮಯ್ಯನ ಕಿರಿಮಗ ಗಣೇಶನಿಗೆ ಕಂಟ್ರಾಕ್ಟರ್ ಕಡೆಯಿಂದ ಬೇಲಿ ಕಾಯುವ ಗಾರ್ಡ್ ಕೆಲಸ ಸಿಕ್ಕಿತು. ಟೋಪಿ, ಬೂಟು, ಒಂದು ಲಾಠಿ. ಬೀರಯ್ಯ ಅವನನ್ನು ಕಂಡಾಗಲೆಲ್ಲ, "ಏನ್ಲಾ ಗಣೇಸ, ನಾನು ಕುರಿ ಕಾಯ್ತೀನಿ, ನೀನು ಹುಲ್ಲು ಕಾಯ್ತೀಯ" ಎಂದು ರೇಗಿಸುತ್ತಿದ್ದ. ನಿಜವೇ. ಕುರಿ ಹೋಗದ ಆ ಜಾಗದಲ್ಲಿ ಹುಲ್ಲು ಸೊಂಟದೆತ್ತರ ಬೆಳೆದಿತ್ತು.

ಎರಡು ಸಾವಿರದ ಐದನೆಯ ಇಸವಿ, ರಾಗಿ ತೆನೆ ಬಲಿಯುತ್ತಿದ್ದ ಸಮಯ. ಹಿಂದಿನ ವಾರದ ಮಳೆಗೆ ಬೇಲಿಯ ಕೆಳಗೆ ಮಣ್ಣು ಕೊಚ್ಚಿ ಒಂದು ಕೊರಕಲು ಬಿದ್ದಿತ್ತು. ಮಧ್ಯಾಹ್ನ ಬೀರಯ್ಯ ಬುತ್ತಿ ಬಿಚ್ಚುವಷ್ಟರಲ್ಲಿ ದೊಡ್ಡಹನುಮಯ್ಯನ ಒಂಬತ್ತು ಕುರಿ ಆ ಕೊರಕಲಲ್ಲಿ ನುಸುಳಿ ಒಳಗೆ ಹೋಗಿ ಹುಲ್ಲಿಗೆ ಬಾಯಿ ಹಾಕಿದವು. ಬೀರಯ್ಯ ಹೊರಗಿನಿಂದಲೇ ಕೂಗಿದ, ಸಿಳ್ಳೆ ಹಾಕಿದ. ಅಷ್ಟರಲ್ಲಿ ಮೇಲಿನಿಂದ ಕೀರಲು ಸದ್ದೊಂದು ಬಂತು. ಏನೋ ಒಂದು ಓರೆಯಾಗಿ, ಬಾಲಕ್ಕೆ ಬೆಂಕಿ ಕಟ್ಟಿಕೊಂಡಂತೆ ಬಂದು ಕುರಿಗಳಿಂದ ಅನತಿ ದೂರಕ್ಕೆ ಬಿತ್ತು. ನೆಲ ಎದ್ದಿತು. ಹೊಗೆ ಇಳಿದಾಗ ಒಂಬತ್ತೂ ಕುರಿ ಮಲಗಿದ್ದವು.

ಇನ್ನೊಬ್ಬನಾಗಿದ್ದರೆ ಉಳಿದ ಮಂದೆ ಹೊಡೆದುಕೊಂಡು ಊರಿಗೆ ಓಡುತ್ತಿದ್ದ. ಬೀರಯ್ಯ ನಿಂತ. ಜೀಪುಗಳು ಬಂದವು. ಅಧಿಕಾರಿಗಳು ತಲೆ ಮೇಲೆ ಕೈ ಹೊತ್ತುಕೊಂಡರು. ಜೆಸಿಬಿ ಬಂದು ಗುಂಡಿ ತೆಗೆಯತೊಡಗಿತು. ಕುರಿಗಳನ್ನು ಹೂಳುತ್ತಿದ್ದಾರೆ ಎಂದು ಗೊತ್ತಾದಾಗ ಅವನು ಬೇಲಿಯ ಹತ್ತಿರಕ್ಕೆ ಓಡಿದ. "ಸ್ವಾಮೀ, ಒಸಿ ತಡೀರಿ! ಕಿವಿ ಕುಯ್ಕಂಡ್ ಬುಡ್ತೀನಿ!" ಎಂದು ಕೂಗಿದ. ಜೆಸಿಬಿಯ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಕೊರಕಲಲ್ಲಿ ತೆವಳಿ ಒಳಗೆ ಹೋದ.

ಗುಂಡಿಯ ಈಚೆ ಕಾವಲಿಗೆ ನಿಂತಿದ್ದವನು ಗಣೇಶ. ನೋಡಿದ. ಚಿಕ್ಕಂದಿನಲ್ಲಿ ತನ್ನನ್ನು ಎತ್ತಿ ಆಡಿಸಿದ ಬೀರಯ್ಯಣ್ಣ ಹುಲ್ಲಿನಲ್ಲಿ ಮಂಡಿಯೂರಿ ತಮ್ಮದೇ ಮನೆಯ ಕುರಿಗಳ ಕಿವಿ ಕೊಯ್ಯುತ್ತಿದ್ದಾನೆ. ಗಣೇಶ ಮುಖವನ್ನು ಆ ಕಡೆಗೆ ತಿರುಗಿಸಿದ. ಅದು ಅವನು ಮಾಡಿದ ಒಂದು ಉಪಕಾರ. ಮುಂದೆ ಅವನು ಮಾಡಿದ್ದು ಬೇರೆ.

ಒಂಬತ್ತು ಕಿವಿಯನ್ನೂ ಕಂಬಳಿಯ ಮಡಿಲಲ್ಲಿ ಕಟ್ಟಿಕೊಂಡು ಬೀರಯ್ಯ ಕೊರಕಲಿನಿಂದ ತಲೆ ಹೊರಗೆ ಹಾಕಿದಾಗ ಅಧಿಕಾರಿಯೊಬ್ಬನ ಎರಡು ಬೂಟು ಅವನ ಮುಂದೆ ನಿಂತಿದ್ದವು.

ಕಿವಿಯೊಂದರಲ್ಲಿ ಉಗುರಿನಷ್ಟು ಲೋಹದ ಚೂರು ನಾಟಿಕೊಂಡಿತ್ತು. ಅದನ್ನು ಅವನು ನೋಡಿಯೇ ಇರಲಿಲ್ಲ. ನೋಡಿದವರು ಅಧಿಕಾರಿಗಳು. ಅದೇ ವಾರ ಯಾವುದೋ ಪತ್ರಿಕೆಯಲ್ಲಿ ಬೇಲಿಯೊಳಗಿನ ಹಿಂದಿನ ಪ್ರಯೋಗವೊಂದು ಕೆಟ್ಟಿತೆಂಬ ಸುದ್ದಿ ಬಂದು, ಅದು ಹೊರಗೆ ಹೋದದ್ದು ಹೇಗೆಂದು ಮೇಲಿನವರು ಕೇಳಿದ್ದರು. ಕೆಳಗಿನವರಿಗೆ ಒಬ್ಬ ಮನುಷ್ಯ ಬೇಕಾಗಿತ್ತು. ಸಿಕ್ಕಿದ.

"ಯಾರಿಗೆ ಕೊಡೋಕೆ ತಗೊಂಡು ಹೋಗ್ತಿದ್ದೆ?" ಎಂದು ಕೇಳಿದರು.

"ದೊಡ್ಡನುಮಯ್ಯಂಗೆ ಸ್ವಾಮಿ."

"ಯಾವನು ಅವನು? ಎಲ್ಲಿಯವನು?"

"ನಮ್ಮೂರೋನೆಯ. ಯಜಮಾನ್ರು."

"ಇವೆಲ್ಲಾ ಕಿವೀನೂ ಒಂದೇ ಥರ ಸೀಳಿದ್ದೀಯಲ್ಲ, ಇದೇನು ಸಂಕೇತ?"

"ಅದು ಅವರ ಮನೆ ಗುರುತು ಸ್ವಾಮಿ. ಎಡಗಿವಿ ತುದಿ ಸೀಳು."

ಬರೆದುಕೊಳ್ಳುತ್ತಿದ್ದವನು 'ಸಂಕೇತವಿರುವುದನ್ನು ಆರೋಪಿ ಒಪ್ಪಿಕೊಂಡಿದ್ದಾನೆ' ಎಂದು ಬರೆದ. ಆಮೇಲೆ ಅವನನ್ನು ಬೋರಲು ಮಲಗಿಸಿ ಅಂಗಾಲಿಗೆ ಹೊಡೆದರು. ನಡೆದೇ ಬದುಕಿದ ಮನುಷ್ಯನ ಅಂಗಾಲು, ಚರ್ಮ ದಪ್ಪ. ಹೊಡೆಯುವವನಿಗೆ ಹೆಚ್ಚು ಹೊತ್ತು ಬೇಕಾಯಿತು.

ಸರ್ಕಾರದ ಗುಟ್ಟು ಕದ್ದ ಗೂಢಚಾರ ಎಂದು ಕೇಸಾಯಿತು. ಜಾಮೀನು ಸಿಗಲಿಲ್ಲ. ಕೃಷ್ಣಮ್ಮ ಬಸ್ಸು ಬದಲಾಯಿಸಿ ಬದಲಾಯಿಸಿ ರಾಮನಗರಕ್ಕೆ ಹೋಗಿ ವಕೀಲರನ್ನು ಹುಡುಕಿದಳು. ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಮಹಡಿ ಮೇಲೆ ಅನಂತರಾಜು ಅನ್ನುವವರಿದ್ದರು. ಜಮೀನು ಕಳೆದುಕೊಂಡವರಿಗೆ ಪರಿಹಾರ ಹೆಚ್ಚು ಮಾಡಿಸುವ ಕೇಸುಗಳೇ ಅವರ ಕಸುಬು. ಗೂಢಚರ್ಯೆ ಎಂದು ಕೇಳಿದ ಕೂಡಲೇ ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತರು. ಫೀಸು ಬೇಡ ಅಂದರು. ಇಂಥ ಕೇಸು ಬಯಲುಸೀಮೆಯ ವಕೀಲನಿಗೆ ಜೀವಮಾನದಲ್ಲಿ ಒಂದು ಸಲ ಬಂದರೆ ಹೆಚ್ಚು.

"ನೋಡಮ್ಮ," ಅಂದರು, "ಹಸು ಕದ್ದ ಅಂತ ಕೇಸು ಹಾಕಿದರೆ ಹಸು ತಂದು ಕೋರ್ಟಿನ ಮುಂದೆ ಕಟ್ಟಬೇಕು. ಗುಟ್ಟು ಕದ್ದ ಅಂದರೆ ಏನು ತಂದು ಕಟ್ಟಬೇಕು?"

"ನಂಗೇನ್ ಗೊತ್ತು ಬುದ್ಧಿ."

"ಗುಟ್ಟು ತಂದು ಕಟ್ಟಬೇಕು. ಆ ಚೂರು ಯಾವುದರ ಚೂರು, ಅದು ಯಾಕೆ ಬಿತ್ತು, ಎಲ್ಲಾ ಹೇಳಬೇಕು. ಹೇಳಿದರೆ ಗುಟ್ಟು ಹೋಯ್ತು. ಹೇಳದಿದ್ದರೆ ಕೇಸು ಹೋಯ್ತು. ಎರಡು ಕಡೆಯಿಂದಲೂ ಹಿಡಿದಿದ್ದೀನಿ ಸರ್ಕಾರಾನ."

ಕೃಷ್ಣಮ್ಮ ಸ್ವಲ್ಪ ಯೋಚನೆ ಮಾಡಿ, "ಅವ್ರು ಕಿವಿ ಕೊಡ್ತಾರಾ?" ಎಂದು ಕೇಳಿದಳು. ವಕೀಲರು ನಕ್ಕುಬಿಟ್ಟರು.

ಅವರು ಹೇಳಿದಂತೆಯೇ ನಡೆಯಿತು. ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯಲಿ ಎಂದು ಸರ್ಕಾರ ಕೇಳಿತು, ನಡೆಯಿತು. ಅನಂತರಾಜು ಒಳಗೂ ಬಿಡಲಿಲ್ಲ. ಬಿದ್ದ ವಸ್ತುವಿನ ನಕ್ಷೆ ಬೇಕು ಅಂದರು. ಎಂಜಿನಿಯರು ಬರಬೇಕು ಅಂದರು. ಹೂತ ಗುಂಡಿ ಅಗೆಸಿ ಕುರಿಗಳ ಮೈಯಲ್ಲಿ ಇನ್ನೆಷ್ಟು ಚೂರಿವೆ ಎಣಿಸಬೇಕು ಅಂದರು. ಕೊನೆಗೆ ಒಂದು ದಿನ, "ನನ್ನ ಕಕ್ಷಿದಾರ ತಾನು ಕಂಡದ್ದನ್ನೆಲ್ಲ ಕಟಕಟೆಯಲ್ಲಿ ನಿಂತು ಹೇಳಲು ಸಿದ್ಧನಿದ್ದಾನೆ, ಮೇಲಿನ ಕೋರ್ಟಿಗೂ ಹೋಗಿ ಹೇಳುತ್ತಾನೆ" ಎಂದುಬಿಟ್ಟರು. ಸರ್ಕಾರಿ ವಕೀಲರು ಆವತ್ತು ಊಟಕ್ಕೆ ಹೋಗಲಿಲ್ಲವಂತೆ. ಫೋನು ಹಿಡಿದುಕೊಂಡು ಕಂಬದ ಹಿಂದೆ ನಿಂತೇ ಇದ್ದರು. ಬೀರಯ್ಯ ಕಂಡದ್ದಾದರೂ ಏನು? ಒಂದು ಸದ್ದು, ಒಂದು ಬೆಂಕಿ, ಒಂಬತ್ತು ಕುರಿ. ಆದರೆ ತಾವು ಬಿಟ್ಟ ವಸ್ತು ದಾರಿತಪ್ಪಿ ಕುರಿಗಳ ನಡುವೆ ಬಿತ್ತು ಅನ್ನುವುದೇ ಆ ಇಲಾಖೆ ಮುಚ್ಚಬೇಕಾಗಿದ್ದ ಗುಟ್ಟು.

ಸರ್ಕಾರ ಕೇಸನ್ನು ವಾಪಸ್ಸು ಪಡೆಯುವುದಾಗಿ ಹೇಳಿತು. ಒಂದು ಷರತ್ತು: ಕಂಡದ್ದನ್ನು ಯಾರಿಗೂ ಹೇಳುವುದಿಲ್ಲವೆಂದು ಆರೋಪಿ ಮುಚ್ಚಳಿಕೆ ಬರೆದುಕೊಡಬೇಕು. ವಶಪಡಿಸಿಕೊಂಡ ವಸ್ತುಗಳೆಲ್ಲ ಇಲಾಖೆಗೆ ಹೋಗುತ್ತವೆ.

ಜೈಲಿನಲ್ಲಿ ಅನಂತರಾಜು ಕಾಗದ ಮುಂದಿಟ್ಟಾಗ ಬೀರಯ್ಯ ಕೈ ಹಿಂದಕ್ಕೆ ಕಟ್ಟಿಕೊಂಡ.

"ಕಿವಿ ಎಲ್ಲವೆ ಬುದ್ಧಿ?"

"ಮೊದಲು ಹೊರಗೆ ಬಾ ಮಾರಾಯ."

"ಕಿವಿ ಇಲ್ದೆ ಎಂಗ್ ಬರನಿ? ಊರಲ್ಲಿ ಏನಂತ ಹೇಳನಿ? ಕೇಸು ನಡೀಲಿ. ಸೆರೆ ಆದ್ರೂ ಆಗ್ಲಿ, ಇವ್ನು ಕುರಿ ಮಾರ್ಕಂಡಿಲ್ಲ ಅಂತ ಜಡ್ಜ್ ಸಾಹೇಬ್ರು ಬಾಯಲ್ಲಿ ಒಂದು ಮಾತು ಬರ್ಲಿ."

"ನಿನ್ನ ಮೇಲೆ ಇರೋದು ಕುರಿ ಮಾರಿದ ಕೇಸಲ್ಲ ಕಣಯ್ಯ."

"ನಮ್ಮೂರಲ್ಲಿ ಇರೋದು ಅದೇಯ."

ಅನಂತರಾಜು ಗೆದ್ದು ಆಗಿತ್ತು. ಬೆಂಗಳೂರಿನ ದೊಡ್ಡ ವಕೀಲರು ಫೋನು ಮಾಡಿ ಬೆನ್ನು ತಟ್ಟಿದ್ದರು. ಈಗ ಕಕ್ಷಿದಾರನೇ ಗೆಲುವಿಗೆ ಅಡ್ಡ ನಿಂತರೆ? "ಕಿವಿಗೆ ಆಮೇಲೆ ಬೇರೆ ಅರ್ಜಿ ಹಾಕಿ ತಗೊಳ್ಳೋಣ. ನಾನಿದ್ದೀನಲ್ಲ," ಅಂದರು. ಬೀರಯ್ಯ ಅವರ ಮುಖ ನೋಡಿದ. ನಂಬಿದ. ಹೆಬ್ಬೆಟ್ಟು ಒತ್ತಿದ. ಕಿವಿಗಳನ್ನು ಆ ಹೊತ್ತಿಗಾಗಲೇ ಇಲಾಖೆಯವರು ಸುಟ್ಟು ಬೂದಿ ಮಾಡಿದ್ದರು. ಅನಂತರಾಜುಗೆ ಅದು ಗೊತ್ತಿತ್ತು.

ಬೀರಯ್ಯ ಊರಿಗೆ ಬಂದಾಗ ನಾಯಿ ಬಿಟ್ಟರೆ ಯಾರೂ ಎದ್ದು ಬರಲಿಲ್ಲ. ಊರಿನ ಲೆಕ್ಕ ಬೇರೆಯೇ ಆಗಿತ್ತು. ಏನೂ ತಿಳಿಯದ ಕುರಿಕಾಯುವವನಿಗೆ ಸರ್ಕಾರ ಹೆದರುವುದುಂಟೆ? ಹೆದರಿ ಬಿಟ್ಟಿದೆ ಅಂದರೆ ಇವನ ಹತ್ತಿರ ಏನೋ ಇದೆ. ಯಜಮಾನರ ಕುರಿಯನ್ನು ಬೇಲಿಯವರ ಅಡುಗೆಮನೆಗೆ ಮಾರಿ ಒಳಗೆ ಓಡಾಡಿಕೊಂಡಿದ್ದ, ಒಳಗಿನದನ್ನು ಇನ್ನಾರಿಗೋ ಮಾರಿದ. ಹೀಗೆ ಹೇಳಿದವರೇ ಅವನು ಬಂದರೆ ಮಾತು ನಿಲ್ಲಿಸುತ್ತಿದ್ದರು. ಪ್ರತಿಮಾ ಹೊಲದಲ್ಲಿ ತಲೆ ಎತ್ತಲಿಲ್ಲ.

ಕಟ್ಟೆಮನೆ ಕರೆದರು. ಕಟ್ಟೆಮನೆ ಅಂದರೆ ಕುಲದ ಹಿರಿಯರು ಗುಡಿ ಮುಂದೆ ಕೂತು ನ್ಯಾಯ ಹೇಳುವ ಕೂಟ. ಕರಿ ಕಂಬಳಿ ಹಾಸಿ, ಅದರ ಮೇಲೆ ದೇವರ ಭಂಡಾರ, ಅಂದರೆ ಅರಿಸಿನಪುಡಿ, ಗುಡ್ಡೆ ಹಾಕಿದರು. ಭಂಡಾರ ಮುಟ್ಟಿದವನು ಏನನ್ನೂ ಬಚ್ಚಿಡುವಂತಿಲ್ಲ. ಎದುರಿಗೆ ಕೂತವನು ದೊಡ್ಡಹನುಮಯ್ಯ. ಕುರಿ ಕಳೆದುಕೊಂಡವನೂ ಅವನೇ, ನ್ಯಾಯ ಹೇಳುವವನೂ ಅವನೇ.

"ಲೇ ಬೀರ, ನನ್ ಕುರಿ ಏನಾದೋ?"

ಬಾಯಿ ಬಿಟ್ಟರೆ ಮತ್ತೆ ಒಳಗೆ ಹಾಕುತ್ತಾರೆ ಎಂದು ಅನಂತರಾಜು ಬೆರಳು ತೋರಿಸಿ ಹೇಳಿ ಕಳಿಸಿದ್ದರು.

"ಸತ್ವು ಯಜಮಾನ್ರೆ."

"ಎಂಗ್ ಸತ್ವು?"

"ಹೇಳಂಗಿಲ್ಲ."

ಕೂತವರಲ್ಲಿ ಒಬ್ಬ ಪಕ್ಕೆಂದು ನಕ್ಕು ಕೇಳಿದ, "ಕಿವಿ ಎಲ್ಲೋ?"

"ಸರ್ಕಾರದೋರ್ ತಾವ ಅವೆ."

"ಸರ್ಕಾರಕ್ಕೆ ಕಿವಿ ಇರ್ನಿಲ್ವೇನೋ, ನನ್ ಕುರೀದು ಬೇಕಾಯ್ತಾ?" ಅಂದ ದೊಡ್ಡಹನುಮಯ್ಯ. ಎಲ್ಲರೂ ನಕ್ಕರು. ನಗು ನಿಂತ ಮೇಲೆ ಕೃಷ್ಣಮ್ಮ ಹೆಂಗಸರ ಕಡೆಯಿಂದ ಎದ್ದು, "ನಾನ್ ಹೇಳ್ತೀನಿ. ನಾನು ಯಾವ್ ಕಾಗದಕ್ಕೂ ಹೆಬ್ಬೆಟ್ ಒತ್ತಿಲ್ಲ" ಅಂದಳು. ಕಂಬಳಿಯ ಮುಂದೆ ಹೆಂಗಸಿನ ಮಾತು ನಡೆಯದು ಅಂದರು. ಮೇಲಾಗಿ, ನೀನೇನು ಕಂಡವಳಲ್ಲ, ಕೂತ್ಕೊ ಅಂದರು. ಅವಳು ಕೂರಲಿಲ್ಲ. ಪಕ್ಕದವಳು ಸೆರಗು ಹಿಡಿದು ಜಗ್ಗಿ ಕೂರಿಸಿದಳು.

ಅದನ್ನು ಕಂಡು ಬೀರಯ್ಯ ಬಗ್ಗಿ ಎರಡೂ ಕೈಯಲ್ಲಿ ಭಂಡಾರ ಮುಟ್ಟಿದ. ಹೇಳಿದ. ಕೊರಕಲು, ಸದ್ದು, ಓರೆಯಾಗಿ ಬಂದ ಬೆಂಕಿ, ಒಂಬತ್ತು ಕುರಿ ಬಿದ್ದ ರೀತಿ, ಯಾವುದು ಕೊನೆಗೆ ಕಾಲಾಡಿಸಿತು, ಜೆಸಿಬಿ, ಗುಂಡಿ. ಒಂದನ್ನೂ ಬಿಡಲಿಲ್ಲ.

"ಗಣೇಸನ್ನ ಕೇಳಿ ಯಜಮಾನ್ರೆ. ಗುಂಡಿ ತಾವ ಅವ್ನೇ ನಿಂತಿದ್ದ."

ಎಲ್ಲರ ಮುಖ ಗಣೇಶನ ಕಡೆ ತಿರುಗಿತು. ಅವನು ಡ್ಯೂಟಿ ಮುಗಿಸಿ ಬೂಟಿನಲ್ಲೇ ಬಂದು ಗೋಡೆಗೆ ಒರಗಿದ್ದ. ಬೇಲಿ ಕೆಲಸಕ್ಕೆ ಸೇರುವಾಗ ಅವನೂ ಒಂದು ಕಾಗದಕ್ಕೆ ಸಹಿ ಹಾಕಿದ್ದ.

"ಅವತ್ತು ನಂಗೆ ಡ್ಯೂಟಿ ಇರ್ನಿಲ್ಲ," ಅಂದ.

"ಲೋ ಗಣೇಸ, ನನ್ ಕಡೆ ನೋಡ್ಲಾ. ಬಂದು ಭಂಡಾರ ಮುಟ್ಟಿ ಹೇಳ್ಲಾ."

"ನನ್ ಮಗ ಯಾಕ್ಲಾ ಭಂಡಾರ ಮುಟ್ಬೇಕು? ಕುರಿ ನುಂಗ್ದೋನು ಅವ್ನಾ?" ಎಂದು ದೊಡ್ಡಹನುಮಯ್ಯ ಎದ್ದು ನಿಂತ. "ಈ ದೇವ್ರ ಮುಂದೆ ಸುಳ್ಳು ಹೇಳೋನು ಇಲ್ಲೀಗಂಟ ಹುಟ್ಟಿರ್ನಿಲ್ಲ. ಇವತ್ತು ಹುಟ್ಟವ್ನೆ."

ಬೀರಯ್ಯನ ಸ್ವಂತ ಕುರಿಗಳಲ್ಲಿ ಒಳ್ಳೆಯ ಒಂಬತ್ತನ್ನು ಆರಿಸಿ ಯಜಮಾನನ ರೊಪ್ಪಕ್ಕೆ ಹೊಡೆದರು. ಇನ್ನು ಮುಂದೆ ಅವನ ಕೈಗೆ ಯಾರೂ ಕುರಿ ಕೊಡಬಾರದು, ಅವನು ಗುಡಿಯ ಮೆಟ್ಟಿಲು ಹತ್ತಬಾರದು ಎಂದಾಯಿತು. ಕೈಯಲ್ಲಿ ಅರಿಸಿನ ಇನ್ನೂ ಹತ್ತಿಕೊಂಡೇ ಇತ್ತು. ಅವನು ಅದನ್ನು ಒರೆಸಿಕೊಳ್ಳದೆ ಮನೆಗೆ ನಡೆದ.

ಕೂಟದಲ್ಲಿ ಅಷ್ಟು ಜನ ಕೇಳಿದ್ದರು. ಬೇರೆ ಯಾರಾದರೂ ಬೇಲಿಯವರಿಗೆ ಹೇಳಿದರೆ, ನೀನಿದ್ದೂ ಯಾಕೆ ಹೇಳಲಿಲ್ಲ ಎಂದು ತನ್ನ ಕೆಲಸ ತೆಗೆಯುತ್ತಾರೆ ಎಂದು ಗಣೇಶನಿಗೆ ದಿಗಿಲಾಯಿತು. ಮರುದಿನ ಅವನೇ ಹೋಗಿ ಹೇಳಿದ. ವಾರ ಕಳೆಯುವುದರೊಳಗೆ ಜೀಪು ಬಂತು.

ಈ ಸಲ ಅನಂತರಾಜು ಜೈಲಿಗೆ ಬಂದದ್ದು ಸಿಟ್ಟಿನಲ್ಲಿ. "ಯಾಕಯ್ಯ ಬಾಯಿ ಬಿಟ್ಟೆ? ನೀನು ಹೇಳಿಬಿಡ್ತೀಯ ಅನ್ನೋ ಹೆದರಿಕೆಗೆ ತಾನೇ ಅವರು ನಿನ್ನ ಬಿಟ್ಟಿದ್ದು? ಹೇಳಿ ಮುಗಿಸಿದ್ದೀಯ. ಈಗ ಯಾವುದನ್ನ ತೋರಿಸಿ ಹೆದರಿಸಲಿ ನಾನು?"

"ಕಿವಿಗೆ ಅರ್ಜಿ ಹಾಕುದ್ರಾ ಬುದ್ಧಿ?"

ವಕೀಲರು ಕಿಟಕಿಯ ಕಡೆ ನೋಡಿದರು. "ಅವನ್ನ ಸುಟ್ಟುಬಿಟ್ಟಿದ್ದಾರೆ."

"ಯಾವತ್ತು?"

ವಕೀಲರು ಪೆನ್ನಿನ ಮುಚ್ಚಳ ಹಾಕಿ ಎದ್ದರು. ಬೀರಯ್ಯ ಮತ್ತೆ ಕೇಳಲಿಲ್ಲ.

ಆದರೂ ಅನಂತರಾಜು ಕೈಚೆಲ್ಲುವ ಆಸಾಮಿಯಲ್ಲ. ಇನ್ನೊಂದು ವಾರಕ್ಕೆ ಹೊಸ ದಾರಿಯೊಂದನ್ನು ಹೊಸೆದುಕೊಂಡು ಬಂದರು. "ಒಂದೇ ಮಾತು ಹೇಳು, ಬಿಟ್ಟುಬಿಡ್ತಾರೆ. ಕಟ್ಟೆಮನೆಯಲ್ಲಿ ಹೇಳಿದ್ದೆಲ್ಲಾ ಸುಳ್ಳು ಅಂತ ಹೇಳು. ಕುರಿ ಮಾರ್ಕೊಂಡಿದ್ದೆ, ತಪ್ಪಿಸಿಕೊಳ್ಳೋಕೆ ಕತೆ ಕಟ್ಟಿದೆ ಅಂತ ಹೇಳು. ಸುಳ್ಳು ಹೇಳಿದರೆ ಗುಟ್ಟು ಹೊರಗೆ ಹಾಕಿದ ಹಾಗಾಗೋದಿಲ್ಲ. ಸುಳ್ಳನ್ನ ಗುಟ್ಟು ಅಂತ ಸರ್ಕಾರ ಹೇಳೋಕೂ ಆಗಲ್ಲ."

ಜೊತೆಗೆ ಬಂದಿದ್ದ ಕೃಷ್ಣಮ್ಮ ಕಂಬಿಯ ಆಚೆಯಿಂದ, "ಹೇಳ್ಬುಡು ಮಾವ. ಊರು ಎಂಗೂ ಹಂಗೇ ಅಂದ್ಕಂಡೈತೆ. ಮನೇಗಾದ್ರೂ ಬಾ," ಅಂದಳು. ಅವನು ಅವಳ ಸೋದರಮಾವನೇ, ಮದುವೆಯಾದ ಮೇಲೂ ಹಾಗೆಯೇ ಕರೆಯುತ್ತಿದ್ದಳು.

"ಊರು ಅಂದ್ಕಂಡ್ರೆ ಅದು ಊರಿನ್ ಬಾಯಿ ಕಣಮ್ಮಿ," ಅಂದ ಬೀರಯ್ಯ. "ನಾನೇ ಅಂದ್ರೆ, ಭಂಡಾರ ಮುಟ್ಟಿದ್ ಕೈ ಏನ್ ಮಾಡನಿ? ಕಡಿದ್ ಹಾಕನಾ?"

ಅನಂತರಾಜು ಫೈಲು ಮುಚ್ಚಿದರು.

ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯಿತು. ಮೊದಲು ಗಣೇಶನನ್ನು ಕರೆದರು. ಒಳಗೆ ಕೇಳುವವರು ಊರವರಲ್ಲ, ಅಪ್ಪನಲ್ಲ. ಅವನು ಎಲ್ಲವನ್ನೂ ಹೇಳಿದ. ಆ ದಿನ ಡ್ಯೂಟಿಯಲ್ಲಿದ್ದೆ, ಬಿದ್ದದ್ದನ್ನು ಕಂಡೆ, ಇವನು ಕಿವಿ ಕೊಯ್ದದ್ದನ್ನೂ ಕಂಡೆ, ಕಟ್ಟೆಮನೆಯಲ್ಲಿ ಇವನು ಇಂತಿಂಥದ್ದು ಹೇಳಿದ. ಕಟಕಟೆಯಿಂದ ಬೀರಯ್ಯ, "ಅವತ್ತೇ ಈ ಬಾಯಿ ಎಲ್ಲಿ ಮಡಗಿದ್ಲಾ ಮಗಾ?" ಎಂದು ಕೇಳಿದ. ಸುಮ್ಮನಿರು ಎಂದು ಪೊಲೀಸಿನವನು ತೋಳು ಹಿಡಿದು ಹಿಂಡಿದ.

ಆಮೇಲೆ ಇಲಾಖೆಯ ಎಂಜಿನಿಯರು. ಕನ್ನಡಕದ ಸಣಕಲು ಮನುಷ್ಯ. ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕೋರ್ಟಿನ ಗುಮಾಸ್ತರು ಕನ್ನಡದಲ್ಲಿ ಆರೋಪಿಗೆ ಹೇಳುತ್ತಿದ್ದರು.

"ಆರೋಪಿ ಊರವರ ಮುಂದೆ ಹೇಳಿದ್ದು ಸುಳ್ಳೋ ನಿಜವೋ?" ಎಂದು ಸರ್ಕಾರಿ ವಕೀಲರು ಕೇಳಿದರು.

"ನಿಜ."

"ಎಷ್ಟು ನಿಜ?"

"ಪ್ರತಿಯೊಂದು ಮಾತೂ ನಿಜ. ವಸ್ತು ಬಿದ್ದ ದಿಕ್ಕು, ಕುರಿಗಳ ಸಾವು, ಹೂತ ಜಾಗ, ಎಲ್ಲ ಸರಿಯಾಗಿದೆ. ಆದ್ದರಿಂದಲೇ ಅದು ಅಪಾಯಕಾರಿ."

ಬೀರಯ್ಯನ ಮುಖದಲ್ಲಿ ಹಲ್ಲಿಲ್ಲದ ಜಾಗ ಕಾಣಿಸಿತು. ನಕ್ಕಿದ್ದ. ಜೈಲು ಸೇರಿದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಜಡ್ಜರ ಕಡೆ ಕೈ ಮುಗಿದು, "ಸಾಹೇಬ್ರೆ, ಇದೇ ಮಾತ ಒಂದ್ಸಲ ನಮ್ಮೂರಿಗೆ ಬಂದು ಹೇಳ್ಸಿ. ಆಮೇಲೆ ನನ್ನ ಏನಾದ್ರೂ ಮಾಡ್ಕಳಿ," ಅಂದ. ಜಡ್ಜರು ತಲೆ ಎತ್ತದೆ ಬರೆಯುತ್ತಿದ್ದರು. ಇಲ್ಲಿ ನಡೆದದ್ದು ಹೊರಗೆ ಹೋಗಕೂಡದು ಎಂದು ಎಲ್ಲರಿಗೂ ಮತ್ತೊಮ್ಮೆ ಎಚ್ಚರಿಕೆ ಕೊಟ್ಟರು.

"ನೀವಾದ್ರೂ ದೊಡ್ಡನುಮಯ್ಯಂಗೆ ಹೇಳಿ ಬುದ್ಧಿ," ಎಂದು ಅವನು ಅನಂತರಾಜು ಅವರ ಕೋಟಿನ ತುದಿ ಹಿಡಿದ.

"ಹೇಳಿದರೆ ನಿನ್ನ ಪಕ್ಕದ ರೂಮಿಗೆ ನಾನು ಬರ್ತೀನಿ," ಅಂದರು ವಕೀಲರು. ಕೋಟು ಬಿಡಿಸಿಕೊಂಡರು.

ಇಂಥ ಕೇಸುಗಳಲ್ಲಿ ವಿಚಾರಣೆ ಎಷ್ಟೇ ಗುಟ್ಟಾಗಿ ನಡೆದರೂ ಶಿಕ್ಷೆಯನ್ನು ಮಾತ್ರ ಬಾಗಿಲು ತೆರೆದು ಎಲ್ಲರೆದುರು ಹೇಳಬೇಕೆಂದು ಕಾನೂನಿದೆ. ಬಾಗಿಲು ತೆರೆದರು. ಹೊರಗೆ ಕಾದಿದ್ದ ಕೃಷ್ಣಮ್ಮ ಒಳಗೆ ಬಂದು ಗೋಡೆ ಹಿಡಿದು ನಿಂತಳು. ಅಪರಾಧಿ, ಮೂರು ವರ್ಷ ಸಜೆ. ಬಾಗಿಲು ತೆರೆದ ಮೇಲೆ ಹೇಳಿದ್ದು ಅಷ್ಟೇ. ಯಾಕೆ ಅನ್ನುವುದೆಲ್ಲ ಲಕೋಟೆಯೊಳಗೆ ಹೋಗಿ ಅರಗು ಹಾಕಿಸಿಕೊಂಡಿತು.

ಕರೆದುಕೊಂಡು ಹೋಗುವಾಗ ಮೆಟ್ಟಿಲ ಮೇಲೆ ಬೀರಯ್ಯ ಅವಳ ಹತ್ತಿರಕ್ಕೆ ವಾಲಿ, "ನಿಜ ಅಂದ್ರು ಕಣಮ್ಮಿ. ನಾನ್ ಹೇಳಿದ್ದೆಲ್ಲಾ ನಿಜ ಅಂದ್ರು," ಎಂದ. ಕಣ್ಣು ಅರಳಿದ್ದವು. ಅಷ್ಟು ಹೇಳಲೂ ಅನುಮತಿ ಇರಲಿಲ್ಲ. ಪೊಲೀಸಿನವನು ಅವನ ಕತ್ತಿನ ಹಿಂದೆ ಕೈಯಿಟ್ಟು ವ್ಯಾನಿನೊಳಕ್ಕೆ ತಳ್ಳಿದ.

ಕೃಷ್ಣಮ್ಮ ಊರಿಗೆ ಬಂದವಳು ಮನೆಗೆ ಹೋಗಲಿಲ್ಲ. ನೇರ ದೊಡ್ಡಹನುಮಯ್ಯನ ಮನೆ ಮುಂದೆ ನಿಂತಳು. ಅವನು ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಗಣೇಶ ತೊಟ್ಟಿಯ ಹತ್ತಿರ ಬೂಟು ತೊಳೆಯುತ್ತಿದ್ದ.

"ಯಜಮಾನ್ರೆ, ಕೋಲ್ಟಲ್ಲಿ ಹೇಳುದ್ರಂತೆ. ನಮ್ ಮಾವ ಕಟ್ಟೆಮನೇಲಿ ಆಡಿದ್ದು ಒಂದೊಂದ್ ಮಾತೂ ನಿಜ ಅಂತ. ನಿಮ್ ಕುರಿ ಅವ್ನು ಮಾರಿಲ್ಲ."

ದೊಡ್ಡಹನುಮಯ್ಯ ಎಲೆ ಮಡಿಚಿ ಬಾಯಿಗಿಟ್ಟುಕೊಂಡ. ನಿಧಾನವಾಗಿ ಅಗಿದ.

"ನಿಜಾನೇ ಹೇಳಿದ್ದ ಅಂದ್ರೆ," ಅಂದ, "ಜೈಲಿಗ್ಯಾಕಮ್ಮಿ ಹಾಕುದ್ರು?"

ಅದಕ್ಕೆ ಉತ್ತರ ಗೊತ್ತಿದ್ದವನು ತೊಟ್ಟಿಯ ಹತ್ತಿರ ಇದ್ದ. ಅವಳು ಅವನ ಕಡೆ ತಿರುಗಿದಳು. ಗಣೇಶ ಒದ್ದೆ ಬೂಟುಗಳನ್ನು ಎತ್ತಿಕೊಂಡು ಒಳಗೆ ಹೋದ. ಅವಳು ಕತ್ತಲಾಗುವವರೆಗೂ ಆ ಅಂಗಳದಲ್ಲಿ ನಿಂತೇ ಇದ್ದಳು. ಆಮೇಲೆ ಒಳಗಿನಿಂದ ಯಾರೋ ಬಂದು ಬಾಗಿಲು ಹಾಕಿಕೊಂಡರು.